ವಾರದ ತರಕಾರಿ ಬುಟ್ಟಿ: ಮುಂಗಡ ಕೊಟ್ಟು ಹೊಲದ ಪಾಲು ಪಡೆಯುವ ಪದ್ಧತಿ

ಪೇಟೆಗೆ ಹೋಗಿ ಬೇಕಾದ ಕಾಯಿಪಲ್ಯವನ್ನು ಆರಿಸಿ, ಚೌಕಾಸಿ ಮಾಡಿ ತರುವುದು ಎಲ್ಲರಿಗೂ ತಿಳಿದ ರೂಢಿ. ಆಯಾ ವಾರ ಹೊಲದಲ್ಲಿ ಏನು ಬೆಳೆದಿದೆಯೋ ಅದರ ಒಂದು ಪಾಲನ್ನು, ಮುಂಚಿತವಾಗಿ ಹಣ ಕಟ್ಟಿ, ಮನೆ ಬಾಗಿಲಿಗೆ ತರಿಸಿಕೊಳ್ಳುವುದು ಇನ್ನೊಂದು ಪದ್ಧತಿ. ಇದನ್ನೇ ನಗರಗಳಲ್ಲಿ 'ತರಕಾರಿ ಬಾಕ್ಸ್', 'ವೆಜಿಟೇಬಲ್ ಬಾಸ್ಕೆಟ್', 'ಫಾರ್ಮ್ ಬಾಕ್ಸ್' ಎಂಬ ನಾನಾ ಹೆಸರುಗಳಿಂದ ಕರೆಯಲಾಗುತ್ತಿದೆ. ಹೆಸರು ಹೊಸತಾದರೂ ವ್ಯವಹಾರದ ತಿರುಳು ಕನ್ನಡಿಗರಿಗೆ ಅಪರಿಚಿತವೇನಲ್ಲ. ಹಾಲಿಗೆ, ಹೂವಿಗೆ 'ವರ್ತನೆ' ಹಾಕಿಸಿಕೊಂಡು ತಿಂಗಳಿಗೊಮ್ಮೆ ಲೆಕ್ಕ ಚುಕ್ತಾ ಮಾಡುವ ಸಂಪ್ರದಾಯ ಹಳೆಯದು. ಮರಾಠಿ ನೆರೆಯ ಗಡಿಭಾಗದಲ್ಲಿ ಇದಕ್ಕೇ 'ರತೀಬು' ಎನ್ನುತ್ತಾರೆ. ವ್ಯತ್ಯಾಸವಿರುವುದು ಎರಡು ಸಂಗತಿಗಳಲ್ಲಿ: ಹಣ ಮೊದಲು ಸಲ್ಲುತ್ತದೆ, ಸಾಮಾನಿನ ಆಯ್ಕೆ ಕೊಳ್ಳುವವರ ಕೈಯಲ್ಲಿರುವುದಿಲ್ಲ.

ಈ ಎರಡನೆಯ ಷರತ್ತೇ ಪದ್ಧತಿಯ ಜೀವಾಳ. ಪ್ರಯೋಗಕ್ಕೆಂದು ಚಂದಾ ಕಟ್ಟಿದವರು ಮುಂದುವರಿಯಬೇಕೋ ಬಿಡಬೇಕೋ ಎಂದು ಯೋಚಿಸತೊಡಗುವುದೂ ಬಹುತೇಕ ಇದೇ ಷರತ್ತಿನಿಂದ.

ವ್ಯವಸ್ಥೆ ಹೇಗೆ?

ರೈತ ಅಥವಾ ರೈತರ ಗುಂಪು ಒಂದು ಋತುವಿಗೆ ಇಲ್ಲವೇ ತಿಂಗಳಿಗೆ ಇಂತಿಷ್ಟು ಎಂದು ದರ ಗೊತ್ತುಪಡಿಸುತ್ತದೆ. ಚಂದಾದಾರರ ಸಂಖ್ಯೆ ತಿಳಿದ ಮೇಲೆ ಎಷ್ಟು ಬಿತ್ತಬೇಕೆಂಬ ಲೆಕ್ಕ ಸಿಗುತ್ತದೆ. ವಾರದ ಒಂದು ನಿಗದಿತ ದಿನ ಕೊಯ್ಲು ಮಾಡಿ, ಎಲ್ಲ ಮನೆಗಳಿಗೂ ಸಮನಾಗಿ ಹಂಚಿ, ಬುಟ್ಟಿಯಲ್ಲೋ ರಟ್ಟಿನ ಪೆಟ್ಟಿಗೆಯಲ್ಲೋ ತುಂಬಿ ಕಳುಹಿಸಲಾಗುತ್ತದೆ. ಸಾಮಾನ್ಯವಾಗಿ ಎರಡು ಬಗೆಯ ಸೊಪ್ಪು, ಮೂರು ನಾಲ್ಕು ಬಗೆಯ ಕಾಯಿ, ಜೊತೆಗೆ ಒಗ್ಗರಣೆಗೆ ಬೇಕಾದ ಕೊತ್ತಂಬರಿ, ಹಸಿಮೆಣಸಿನಕಾಯಿ ಇರುತ್ತವೆ.

ಬೆಳೆ ಚೆನ್ನಾಗಿ ಬಂದರೆ ಬುಟ್ಟಿ ತುಂಬಿ ಬರುತ್ತದೆ. ಆಲಿಕಲ್ಲು ಬಿದ್ದರೆ, ಹುಳು ತಗುಲಿದರೆ ಬುಟ್ಟಿ ಬಡವಾಗುತ್ತದೆ. ಮಾರುಕಟ್ಟೆಯ ದರ ಏರಲಿ ಇಳಿಯಲಿ ಚಂದಾ ಬದಲಾಗುವುದಿಲ್ಲ. 2023ರ ಜುಲೈ ತಿಂಗಳಿನಲ್ಲಿ ಕೋಲಾರದ ಮಾರುಕಟ್ಟೆಯಲ್ಲಿ 15 ಕೆ.ಜಿ. ತೂಕದ ಟೊಮೆಟೊ ಬಾಕ್ಸ್ 2,000 ರೂಪಾಯಿ ದಾಟಿತ್ತು. ಅದೇ ಕೋಲಾರದಲ್ಲಿ ಕಿತ್ತ ಕೂಲಿಯೂ ಹುಟ್ಟದೆ ಟೊಮೆಟೊವನ್ನು ರಸ್ತೆಗೆ ಸುರಿದ ವರ್ಷಗಳೂ ಇವೆ. ಮೊದಲ ಸಂದರ್ಭದಲ್ಲಿ ಲಾಭವಾಗುವುದು ಚಂದಾದಾರರಿಗೆ, ಎರಡನೆಯ ಸಂದರ್ಭದಲ್ಲಿ ರೈತರಿಗೆ. ಎರಡೂ ಕಡೆಯವರು ಇದನ್ನು ಒಪ್ಪಿಕೊಂಡಿದ್ದರೆ ಮಾತ್ರ ಒಪ್ಪಂದ ನಿಲ್ಲುತ್ತದೆ.

ರೈತನಿಗೆ ಇದರಲ್ಲಿ ಎಷ್ಟು ಅನುಕೂಲವಿದೆ ಎಂಬುದನ್ನು ತಿಳಿಯಲು ಈಗಿನ ಸ್ಥಿತಿಯನ್ನು ನೋಡಬೇಕು. ಭಾರತೀಯ ರಿಸರ್ವ್ ಬ್ಯಾಂಕ್ 2024ರ ಅಕ್ಟೋಬರ್‌ನಲ್ಲಿ ಪ್ರಕಟಿಸಿದ ಅಧ್ಯಯನ ಪ್ರಬಂಧವೊಂದರ ಪ್ರಕಾರ, ಗ್ರಾಹಕರು ಕೊಡುವ ಪ್ರತಿ ನೂರು ರೂಪಾಯಿಯಲ್ಲಿ ಬೆಳೆಗಾರನಿಗೆ ದಕ್ಕುವುದು ಟೊಮೆಟೊದಲ್ಲಿ ಸುಮಾರು 33, ಈರುಳ್ಳಿಯಲ್ಲಿ 36, ಆಲೂಗಡ್ಡೆಯಲ್ಲಿ 37 ರೂಪಾಯಿ. ಉಳಿದದ್ದು ಸಾಗಣೆ, ಹಾಳು, ದಲ್ಲಾಳಿ ಮತ್ತು ಚಿಲ್ಲರೆ ವ್ಯಾಪಾರಿಗಳ ಪಾಲು. ಹಾಗೆಂದು ಈ ಮೂರನೇ ಎರಡು ಭಾಗವನ್ನೂ ಬುಟ್ಟಿ ಪದ್ಧತಿ ರೈತನಿಗೆ ಮರಳಿಸುತ್ತದೆ ಎಂದು ತಿಳಿಯುವುದು ತಪ್ಪಾದೀತು. ವಿಂಗಡಣೆ, ತೂಕ, ಪೆಟ್ಟಿಗೆ, ವಾಹನ, ದೂರವಾಣಿ ಕರೆಗಳಿಗೆ ಉತ್ತರ, ಇವೆಲ್ಲ ದಲ್ಲಾಳಿಯ ತಲೆಯಿಂದ ರೈತನ ತಲೆಗೆ ವರ್ಗಾವಣೆಯಾಗುತ್ತವೆ.

ಜಪಾನಿನಿಂದ ಅಮೆರಿಕಕ್ಕೆ

ಆಧುನಿಕ ರೂಪದಲ್ಲಿ ಈ ಪದ್ಧತಿ ಬೆಳೆದದ್ದು ಜಪಾನಿನಲ್ಲಿ. ಮಿನಾಮಾಟಾ ಪಾದರಸ ದುರಂತ ಮತ್ತು ಕೀಟನಾಶಕಗಳ ಭಯ ಅಲ್ಲಿನ ಗೃಹಿಣಿಯರನ್ನು ಕಾಡುತ್ತಿದ್ದ ಕಾಲವದು. 1965ರಲ್ಲಿ ಟೋಕಿಯೊದ ಸೆಟಗಾಯಾ ಬಡಾವಣೆಯ ಮಹಿಳೆಯರು ಒಟ್ಟಾಗಿ ಸಗಟು ದರದಲ್ಲಿ ಹಾಲು ಕೊಳ್ಳಲು ಕಟ್ಟಿಕೊಂಡ 'ಸೈಕತ್ಸು ಕ್ಲಬ್' ಮುಂದೆ ದೊಡ್ಡ ಸಹಕಾರಿ ಚಳವಳಿಯಾಯಿತು. 1971ರಲ್ಲಿ ತೆರುವೊ ಇಚಿರಾಕು ಅವರ ನೇತೃತ್ವದಲ್ಲಿ ಜಪಾನ್ ಸಾವಯವ ಕೃಷಿ ಸಂಘ ಸ್ಥಾಪನೆಗೊಂಡಿತು. ರೈತ ಮತ್ತು ಗ್ರಾಹಕರ ನೇರ ಸಹಯೋಗಕ್ಕೆ ಅಲ್ಲಿ 'ತೇಕೇಯಿ' ಎಂದು ಹೆಸರು.

ಅಮೆರಿಕದಲ್ಲಿ 1986ರಲ್ಲಿ ಮ್ಯಾಸಚೂಸೆಟ್ಸ್‌ನ ಇಂಡಿಯನ್ ಲೈನ್ ಫಾರ್ಮ್ ಹಾಗೂ ನ್ಯೂ ಹ್ಯಾಂಪ್‌ಶೈರ್‌ನ ಟೆಂಪಲ್-ವಿಲ್ಟನ್ ಫಾರ್ಮ್ ಎಂಬ ಎರಡು ಕಡೆ ಇದು ಆರಂಭವಾಯಿತು. ಅಲ್ಲಿ ಋತುವಿನ ಆರಂಭದಲ್ಲಿಯೇ ಪೂರ್ಣ ಹಣ ಕಟ್ಟಿ 'ಷೇರು' ಪಡೆಯುವುದು ವಾಡಿಕೆ. ಇಂಗ್ಲೆಂಡಿನ ರಿವರ್‌ಫೋರ್ಡ್ 1993ರಲ್ಲಿ ಆರಂಭಿಸಿದ ಪೆಟ್ಟಿಗೆ ವ್ಯಾಪಾರದ ದಾರಿ ಬೇರೆ. ಅದು ಋತುವಿನ ಷೇರಲ್ಲ, ವಾರದ ಖರೀದಿ. ನಮ್ಮ ನಗರಗಳಲ್ಲಿ ಕಾಣುವ ಬಾಕ್ಸ್‌ಗಳಲ್ಲಿ ಹೆಚ್ಚಿನವು ಈ ಎರಡನೆಯ ಜಾತಿಗೆ ಸೇರಿದವು. ಚಂದಾ ಕಟ್ಟುವ ಮೊದಲು ತಾವು ಯಾವುದಕ್ಕೆ ಸೇರುತ್ತಿದ್ದೇವೆ ಎಂಬುದನ್ನು ಓದುಗರು ವಿಚಾರಿಸಿಕೊಳ್ಳುವುದು ಒಳಿತು.

ಕರ್ನಾಟಕದ ಪ್ರಯತ್ನಗಳು

ಬೆಳೆಗಾರ ಮತ್ತು ನಗರವಾಸಿಯ ನಡುವಿನ ದೂರ ಕಡಿಮೆ ಮಾಡುವ ಯತ್ನ ರಾಜ್ಯಕ್ಕೆ ಹೊಸತಲ್ಲ. ತೋಟಗಾರಿಕೆಯ ಪಿತಾಮಹರೆನಿಸಿದ ಡಾ. ಎಂ.ಎಚ್. ಮರಿಗೌಡರ ಪ್ರೇರಣೆಯಿಂದ 1959ರಲ್ಲಿ ದ್ರಾಕ್ಷಿ ಬೆಳೆಗಾರರ ಸಹಕಾರ ಸಂಘವಾಗಿ ಹುಟ್ಟಿದ ಸಂಸ್ಥೆಯೇ ಮುಂದೆ ಹಾಪ್‌ಕಾಮ್ಸ್ ಆಯಿತು. ಅಲ್ಲಿ ಮಧ್ಯವರ್ತಿ ಇಲ್ಲ, ಆದರೆ ಮುಂಗಡವೂ ಇಲ್ಲ. ಸಾವಯವ ಕೃಷಿ ನೀತಿಯನ್ನು 2004ರಲ್ಲಿಯೇ ರೂಪಿಸಿದ ರಾಜ್ಯ ನಮ್ಮದು. ಆನಂತರದ ವರ್ಷಗಳಲ್ಲಿ ಬೆಂಗಳೂರಿನಲ್ಲಿ ಸಾವಯವ ಮಳಿಗೆಗಳೂ ವಾರದ ಸಂತೆಗಳೂ ಹೆಚ್ಚಿದವು.

2017ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಫಾರ್ಮಿಜೆನ್ ಇನ್ನೊಂದು ಹೆಜ್ಜೆ ಮುಂದಿಟ್ಟಿತು. ನಗರದ ಹೊರವಲಯದ ರೈತರ ಜಮೀನಿನಲ್ಲಿ 600 ಚದರ ಅಡಿಯ ತುಂಡನ್ನು ತಿಂಗಳ ಬಾಡಿಗೆಗೆ ಕೊಡುವುದು, ಅಲ್ಲಿ ಏನು ಬೆಳೆಯಬೇಕೆಂದು ಮೊಬೈಲ್‌ನಲ್ಲಿ ಬಾಡಿಗೆದಾರರೇ ತೀರ್ಮಾನಿಸುವುದು ಅದರ ಕ್ರಮ. ಆರಂಭದ ವರ್ಷಗಳಲ್ಲಿ ಬಾಡಿಗೆ ತಿಂಗಳಿಗೆ 2,500 ರೂಪಾಯಿ ಇತ್ತು. ಇಲ್ಲಿ ರೈತನಿಗೆ ತಿಂಗಳ ಆದಾಯ ಖಚಿತ, ಬೆಳೆ ಬಾರದಿದ್ದರೆ ನಷ್ಟ ಬಾಡಿಗೆದಾರನದು.

ರಾಜ್ಯ ಮಾವು ಅಭಿವೃದ್ಧಿ ಮತ್ತು ಮಾರುಕಟ್ಟೆ ನಿಗಮವು 2019ರಿಂದ ಅಂಚೆ ಇಲಾಖೆಯ ಜೊತೆ ಸೇರಿ, ರೈತರ ತೋಟದ ಮಾವನ್ನು 3 ಕೆ.ಜಿ. ಪೆಟ್ಟಿಗೆಗಳಲ್ಲಿ ಬೆಂಗಳೂರಿನ ಮನೆಗಳಿಗೆ ತಲುಪಿಸಿದ್ದೂ ಇದೇ ಕುಟುಂಬದ ಪ್ರಯೋಗ. ಮರುವರ್ಷ, 2020ರ ಲಾಕ್‌ಡೌನ್ ಕಾಲದಲ್ಲಿ ಮಾರುಕಟ್ಟೆಗಳು ಅಸ್ತವ್ಯಸ್ತವಾದಾಗ, ಅಪಾರ್ಟ್‌ಮೆಂಟ್‌ಗಳ ಮುಂದೆ ರೈತರ ವಾಹನಗಳು ನೇರವಾಗಿ ಬಂದು ನಿಂತವು. ಪೆಟ್ಟಿಗೆ ತರಿಸಿಕೊಳ್ಳುವ ಅಭ್ಯಾಸ ಅನೇಕರಿಗೆ ಅಂಟಿದ್ದು ಆಗ. ಪೇಟೆ ಮತ್ತೆ ತೆರೆದ ಮೇಲೆ ಬಿಟ್ಟವರೂ ಕಡಿಮೆಯಲ್ಲ.

ಮೋರಖಂಡಿಯ ಲೆಕ್ಕ

ಈ ಎಲ್ಲ ಪ್ರಯೋಗಗಳೂ ರಾಜಧಾನಿಯ ಸುತ್ತಲಿನವು. ಬೀದರ್ ಜಿಲ್ಲೆಯ ಬಸವಕಲ್ಯಾಣ ತಾಲ್ಲೂಕಿನ ಮೋರಖಂಡಿಯಂಥ ಹಳ್ಳಿಯನ್ನು ಲೆಕ್ಕಕ್ಕೆ ಹಿಡಿದರೆ ಚಿತ್ರ ಬೇರೆಯಾಗುತ್ತದೆ. ಬೆಂಗಳೂರು ಇಲ್ಲಿಂದ 600 ಕಿ.ಮೀ.ಗೂ ಹೆಚ್ಚು ದೂರ. ಬೀದರ್ ಮತ್ತು ಕಲಬುರಗಿ ಎರಡೂ ಬಸವಕಲ್ಯಾಣದಿಂದ ಸುಮಾರು 80 ಕಿ.ಮೀ., ಹುಮನಾಬಾದ್ ಸುಮಾರು 30 ಕಿ.ಮೀ. ಹೈದರಾಬಾದ್ 200 ಕಿ.ಮೀ.ಗೆ ಹತ್ತಿರ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಮೋಳಿಗೆ ಮಾರಯ್ಯ ಕಟ್ಟಿಗೆಯ ಹೊರೆ ಹೊತ್ತು ಮಾರುತ್ತಿದ್ದನೆಂಬ ಕಥೆಯನ್ನು ಇಲ್ಲಿಯವರಿಗೆ ಹೇಳಿಕೊಡಬೇಕಾಗಿಲ್ಲ. ಹೊರೆ ಹೊತ್ತು ಹೋಗಬಹುದಾದ ದೂರದಲ್ಲಿಯೇ ಗಿರಾಕಿ ಇರಬೇಕೆಂಬ ನಿಯಮ ಸೊಪ್ಪಿಗೆ ಇಂದಿಗೂ ಅನ್ವಯಿಸುತ್ತದೆ.

ಈ ಭಾಗದ ಮುಖ್ಯ ಬೆಳೆಗಳು ಮುಂಗಾರಿನ ಸೋಯಾಬೀನ್, ತೊಗರಿ, ಉದ್ದು, ಹೆಸರು. ಹಿಂಗಾರಿಗೆ ಕಡಲೆ, ಬಿಳಿಜೋಳ. ನೀರಿದ್ದಲ್ಲಿ ಕಬ್ಬು. ಬೀಜ ಗೊಬ್ಬರಕ್ಕೆ ಹಣ ಬೇಕಾಗುವುದು ಮೇ ಕೊನೆಯಲ್ಲಿ, ತೊಗರಿ ಕೈಗೆ ಬರುವುದು ಡಿಸೆಂಬರ್-ಜನವರಿಯಲ್ಲಿ. ನಡುವಿನ ಆರೇಳು ತಿಂಗಳು ಮನೆ ಖರ್ಚಿಗೆ ಕೈಗಡವೇ ಗತಿ. ಬಾವಿ ಅಥವಾ ಕೊಳವೆಬಾವಿ ಇರುವ ರೈತ ಅರ್ಧ ಎಕರೆಯಲ್ಲಿ ತರಕಾರಿ ಹಾಕಿ ವಾರಕ್ಕಿಷ್ಟು ಎಂದು ನಗದು ಕಾಣುವುದಾದರೆ, ಆ ಕೈಗಡದ ಮೊತ್ತ ತಗ್ಗುತ್ತದೆ. ಇಲ್ಲಿ ಬುಟ್ಟಿ ಪದ್ಧತಿಯ ನಿಜವಾದ ಪ್ರಯೋಜನವೆಂದರೆ ಇದೇ. ಹೆಚ್ಚಿನ ಬೆಲೆ ಎಂಬುದು ಆಮೇಲಿನ ಮಾತು.

ಉದಾಹರಣೆಗೆ, 40 ಮನೆಗಳಿಗೆ ವಾರಕ್ಕೆ 5 ಕೆ.ಜಿ.ಯಂತೆ ಬುಟ್ಟಿ ಕೊಡಬೇಕೆಂದಿಟ್ಟುಕೊಳ್ಳಬಹುದು. ವಾರಕ್ಕೆ 200 ಕೆ.ಜಿ., ವರ್ಷಕ್ಕೆ 10 ಟನ್‌ಗಿಂತ ತುಸು ಹೆಚ್ಚು. ಬುಟ್ಟಿಗೆ 250 ರೂಪಾಯಿ ಇಟ್ಟರೆ ವಾರಕ್ಕೆ 10,000 ರೂಪಾಯಿ. ಬಸವಕಲ್ಯಾಣ, ಹುಮನಾಬಾದ್ ಪಟ್ಟಣಗಳನ್ನು ಸುತ್ತಿ ಬರುವ ವಾಹನಕ್ಕೆ 1,000 ರೂಪಾಯಿ ತಗುಲಿದರೆ ಒಂದು ಬುಟ್ಟಿಯ ಮೇಲೆ ಬೀಳುವ ಸಾಗಣೆ ವೆಚ್ಚ 25 ರೂಪಾಯಿ, ಅಂದರೆ ಹತ್ತನೇ ಒಂದು ಭಾಗ. ಅದೇ 40 ಬುಟ್ಟಿಗಳನ್ನು ಕಲಬುರಗಿಗೆ ಒಯ್ದು ವಾಹನದ ಖರ್ಚು ಮೂರು ಪಟ್ಟಾದರೆ ಬುಟ್ಟಿಗೆ 75 ರೂಪಾಯಿ ಹೋಗುತ್ತದೆ. ಅಲ್ಲಿಗೆ ಹೋಗುವುದಾದರೆ 120 ಮನೆಗಳಾದರೂ ಬೇಕು. 120 ಮನೆಗಳಿಗೆ ಬೆಳೆಯುವುದು ಒಬ್ಬ ರೈತನ ಕೆಲಸವಲ್ಲ.

ಲೆಕ್ಕಕ್ಕಿಂತ ಕಷ್ಟವಾದದ್ದು ಬಿತ್ತನೆಯ ಸರದಿ. ಮೆಂತೆ 25-30 ದಿನಕ್ಕೆ ಕೀಳಲು ಬರುತ್ತದೆ, ಪಾಲಕ್ ತಿಂಗಳಿಗೆ, ಕೊತ್ತಂಬರಿ ಸುಮಾರು 40 ದಿನಕ್ಕೆ, ಮೂಲಂಗಿ 45 ದಿನಕ್ಕೆ. ಬೆಂಡೆ 45-50 ದಿನಕ್ಕೆ ಕಾಯಿ ಕೊಡಲಾರಂಭಿಸಿದರೆ ದಿನ ಬಿಟ್ಟು ದಿನ ಕೊಯ್ಯಲೇಬೇಕು, ಒಂದು ದಿನ ತಡವಾದರೆ ನಾರು. ಟೊಮೆಟೊ ಸಸಿ ನೆಟ್ಟ 60-70 ದಿನಗಳ ಮೇಲೆ. ಪ್ರತಿ ವಾರ ಮೆಂತೆ ಕೊಡಬೇಕಾದರೆ ಪ್ರತಿ ವಾರ ಒಂದು ಮಡಿ ಬಿತ್ತಬೇಕು. ಸೋಯಾಬೀನ್ ಬಿತ್ತಿ ಕಳೆ ತೆಗೆದು ಕೊಯ್ಲಿಗೆ ಕಾಯುವ ರೈತನ ದಿನಚರಿಗೂ ಇದಕ್ಕೂ ಸಂಬಂಧವೇ ಇಲ್ಲ. ಆಸಕ್ತಿಯಿಂದ ಕೈಹಾಕಿದವರು ಎಡವುವುದು ಹೆಚ್ಚಾಗಿ ಈ ಹಂತದಲ್ಲಿ: ಎರಡು ವಾರ ಬುಟ್ಟಿ ತುಂಬ ಸೊಪ್ಪು, ಮೂರನೇ ವಾರ ಏನೂ ಇಲ್ಲ.

ಋತುಮಾನದ ಏರಿಳಿತವನ್ನೂ ಅರಿತಿರಬೇಕು. ನವೆಂಬರ್‌ನಿಂದ ಫೆಬ್ರವರಿಯವರೆಗೆ ಈ ಸೀಮೆಯ ಬುಟ್ಟಿ ತುಂಬಿ ತುಳುಕಬಲ್ಲದು. ಮೆಂತೆ, ಪಾಲಕ್, ರಾಜಗಿರಿ, ಹಕ್ಕರಕಿ, ಕಡಲೆ ಸೊಪ್ಪು, ಪುಂಡಿಪಲ್ಯ, ಬದನೆ, ಚವಳಿಕಾಯಿ, ಹಸಿ ತೊಗರಿಕಾಯಿ, ಜನವರಿಯಲ್ಲಿ ಸೀತನಿ. ಬೆಂಗಳೂರಿನ ಬಾಕ್ಸ್‌ನಲ್ಲಿ ಬ್ರಕೋಲಿ ಸಿಕ್ಕೀತು, ಹಕ್ಕರಕಿ ಸಿಗಲಾರದು. ಎಳ್ಳ ಅಮಾವಾಸ್ಯೆಯಂದು ಬೀದರ್, ಕಲಬುರಗಿ ಭಾಗದ ಕುಟುಂಬಗಳು ಹೊಲಕ್ಕೆ ಹೋಗಿ, ಹಸಿ ಕಾಳು ಮತ್ತು ಹತ್ತಾರು ಬಗೆಯ ಕಾಯಿಪಲ್ಯ ಕೂಡಿಸಿದ ಭಜ್ಜಿಯನ್ನು ಸಜ್ಜೆ ರೊಟ್ಟಿ, ಅಂಬಲಿಯ ಜೊತೆ ಉಣ್ಣುತ್ತವೆ. ಹೊಲ ಇಲ್ಲದ ಪಟ್ಟಣದ ಸ್ನೇಹಿತರಿಗೂ ಅಂದು ಕರೆ ಇರುತ್ತದೆ. ಆ ಒಂದು ಭಜ್ಜಿಗೆ ಬೇಕಾದದ್ದನ್ನೆಲ್ಲ ಕಟ್ಟಿ ಕಳುಹಿಸಿದರೆ ಅದಕ್ಕಿಂತ ಒಳ್ಳೆಯ ಬುಟ್ಟಿಯನ್ನು ಯಾವ ಕಂಪನಿಯೂ ಯೋಜಿಸಲಾರದು.

ಇದರ ಎದುರು ಎರಡು ಬಡ ಋತುಗಳಿವೆ. ಜುಲೈ-ಆಗಸ್ಟ್‌ನ ಜಡಿಮಳೆಯಲ್ಲಿ ಎರೆಹೊಲಕ್ಕೆ ಕಾಲಿಡಲಾಗದು, ಸೊಪ್ಪು ಕೊಳೆಯುತ್ತದೆ. ಏಪ್ರಿಲ್-ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ಮುಟ್ಟಿ, ಬಾವಿಯ ನೀರು ತಳ ಕಾಣುತ್ತದೆ. ಡಿಸೆಂಬರ್‌ನಲ್ಲಿ ಪ್ರಯೋಗ ಮಾಡಿ ಮೆಚ್ಚಿ ವರ್ಷದ ಚಂದಾ ಕಟ್ಟಿದವರು ಮೇ ತಿಂಗಳಿನಲ್ಲಿ ಜಗಳಕ್ಕೆ ನಿಲ್ಲುವುದು ಸಹಜ. ಬೇಸಿಗೆಯ ಆರೇಳು ವಾರ ಬುಟ್ಟಿ ನಿಲ್ಲಿಸುವುದಾಗಿ ಮೊದಲೇ ಹೇಳಿಬಿಡುವುದು, ಇಲ್ಲವೇ ಆ ವಾರಗಳಲ್ಲಿ ತೊಗರಿಬೇಳೆ, ಹೆಸರುಕಾಳು, ಜೋಳ, ಒಣಗಿಸಿದ ಪುಂಡಿಯಂಥ ಕೆಡದ ಸಾಮಾನು ಕೊಡುವುದು ಸರಿಯಾದ ಕ್ರಮ. ತೊಗರಿಬೇಳೆಗೆ ಈ ಸೀಮೆಯ ಹೆಸರೂ ಇದೆ. ನೆರೆಯ ಕಲಬುರಗಿಯ ತೊಗರಿಬೇಳೆಗೆ 2019ರಲ್ಲಿ ಭೌಗೋಳಿಕ ಸೂಚ್ಯಂಕ ದೊರೆತಿದೆ. ಕೆಡದ ಸಾಮಾನಿನ ತಿಂಗಳ ಪೆಟ್ಟಿಗೆಯಾದರೆ ಹೈದರಾಬಾದ್, ಬೆಂಗಳೂರುಗಳಿಗೂ ಕಳುಹಿಸಬಹುದು. ಬೀದರ್-ಕಲಬುರಗಿ ರೈಲು ಮಾರ್ಗ 2017ರ ಅಕ್ಟೋಬರ್‌ನಲ್ಲಿ ಪೂರ್ಣವಾಗಿ ತೆರೆದ ಮೇಲೆ ಹುಮನಾಬಾದ್‌ನಿಂದ ಎರಡೂ ಕಡೆಗೆ ರೈಲು ಸಂಪರ್ಕವೂ ಇದೆ.

ಸೊಪ್ಪು ಬಾಡದಂತೆ

ಸೊಪ್ಪನ್ನು ಕೊಯ್ಯಬೇಕಾದದ್ದು ನಸುಕಿನಲ್ಲಿ. ಬಿಸಿಲೇರಿದ ಮೇಲೆ ಕೊಯ್ದ ಪಾಲಕ್ ಪಟ್ಟಣ ತಲುಪುವ ಹೊತ್ತಿಗೆ ಜೋತುಬಿದ್ದಿರುತ್ತದೆ. ಹಿಂದಿನ ಸಂಜೆ ಕೊಯ್ದದ್ದನ್ನು ಇಡಲು ವಿದ್ಯುತ್ ಇಲ್ಲದ ತಂಪು ಗೂಡೊಂದು ಇದೆ. ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯಲ್ಲಿ ರೂಪುಗೊಂಡ ಇದಕ್ಕೆ ಬೇಕಾದದ್ದು ಇಟ್ಟಿಗೆ, ಮರಳು, ನೀರು ಮಾತ್ರ. ಎರಡು ಸುತ್ತು ಇಟ್ಟಿಗೆ ಗೋಡೆ ಕಟ್ಟಿ, ನಡುವಿನ ಸುಮಾರು 7.5 ಸೆಂ.ಮೀ. ತೆರಪಿಗೆ ಮರಳು ತುಂಬಿ, ದಿನಕ್ಕೆರಡು ಬಾರಿ ನೀರುಣಿಸಬೇಕು. ನೀರು ಆವಿಯಾಗುವಾಗ ಒಳಗಿನ ಶಾಖ ಇಳಿಯುತ್ತದೆ. ಒಣ ಬೇಸಿಗೆಯಲ್ಲಿ ಹೊರಗಿಗಿಂತ 10-15 ಡಿಗ್ರಿಯಷ್ಟು ತಂಪಿರುತ್ತದೆ. ಒಣಹವೆಯ ಬೀದರ್ ಸೀಮೆಗೆ ಇದು ಹೇಳಿ ಮಾಡಿಸಿದಂತಿದೆ. ಮಳೆಗಾಲದ ತೇವದಲ್ಲಿ ಮಾತ್ರ ಇದರಿಂದ ಹೆಚ್ಚು ಪ್ರಯೋಜನವಿಲ್ಲ. ಬೀದರ್‌ನಲ್ಲಿ ಬಾಗಲಕೋಟೆಯ ತೋಟಗಾರಿಕೆ ವಿಶ್ವವಿದ್ಯಾಲಯದ ಕಾಲೇಜು ಇದೆ, ಜನವಾಡದಲ್ಲಿ ಕೃಷಿ ವಿಜ್ಞಾನ ಕೇಂದ್ರವಿದೆ. ಆಸಕ್ತ ರೈತರು ಅಲ್ಲಿ ವಿಚಾರಿಸಬಹುದು.

ಚಂದಾದಾರರ ಮೊದಲ ತಿಂಗಳು

ಮೊದಲ ಬುಟ್ಟಿ ಬಂದ ದಿನ ಮನೆಯಲ್ಲಿ ಸಂಭ್ರಮ. ಎರಡನೆಯ ವಾರದ ಹೊತ್ತಿಗೆ ಮೊದಲ ವಾರದ ಮೂಲಂಗಿ ಫ್ರಿಜ್‌ನ ಮೂಲೆಯಲ್ಲಿ ಉಳಿದಿರುತ್ತದೆ. ಮೂರನೆಯ ವಾರವೂ ಬದನೆಕಾಯಿಯೇ ಬಂದರೆ ಮಕ್ಕಳ ಮುಖ ಸಿಂಡರಿಸುತ್ತದೆ. ಈರುಳ್ಳಿ, ಆಲೂಗಡ್ಡೆ, ಶುಂಠಿಗೆ ಅಂಗಡಿಗೆ ಹೋಗುವುದು ತಪ್ಪುವುದಿಲ್ಲವಾದ್ದರಿಂದ, ವಾರದ ತರಕಾರಿ ಖರ್ಚು ಪೂರ್ತಿ ಚಂದಾದಲ್ಲಿ ಮುಗಿಯುತ್ತದೆಂದು ಎಣಿಸಬಾರದು. ಅಡುಗೆಯ ಯೋಜನೆ ತಲೆಕೆಳಗಾಗುವುದು ದೊಡ್ಡ ಬದಲಾವಣೆ: ಏನು ಮಾಡಬೇಕೆಂದು ನಿರ್ಧರಿಸಿ ತರಕಾರಿ ತರುವ ಬದಲು, ಬಂದ ತರಕಾರಿಗೆ ತಕ್ಕಂತೆ ಅಡುಗೆ ಹೊಂದಬೇಕು. ಸೊಪ್ಪನ್ನು ಮೊದಲೆರಡು ದಿನ, ಬೆಂಡೆ-ಹೀರೆಗಳನ್ನು ವಾರದ ನಡುವೆ, ಬದನೆ, ಗಡ್ಡೆ, ಕುಂಬಳಗಳನ್ನು ಕೊನೆಗೆ ಬಳಸುವುದು ರೂಢಿಯಾದರೆ ಹಾಳಾಗುವುದು ಕಡಿಮೆ. ಇಬ್ಬರೇ ಇರುವ ಮನೆಯವರು ನೆರೆಯವರೊಡನೆ ಒಂದು ಬುಟ್ಟಿಯನ್ನು ಪಾಲು ಮಾಡಿಕೊಳ್ಳುವುದು ಜಾಣತನ.

ಹಣ ಕಟ್ಟುವ ಮೊದಲು ಕೇಳಬೇಕಾದ ಪ್ರಶ್ನೆಗಳು ಕೆಲವಿವೆ. ಊರಿಗೆ ಹೋದಾಗ ಒಂದೆರಡು ವಾರ ನಿಲ್ಲಿಸಬಹುದೇ, ಎಷ್ಟು ದಿನ ಮುಂಚೆ ತಿಳಿಸಬೇಕು? ಕೊಳೆತದ್ದು ಬಂದರೆ ಏನು ಕ್ರಮ? ಬುಟ್ಟಿಯಲ್ಲಿರುವುದೆಲ್ಲ ಒಂದೇ ಹೊಲದ್ದೇ, ಅಥವಾ ಕಡಿಮೆ ಬಿದ್ದಾಗ ಮಂಡಿಯಿಂದ ತಂದು ತುಂಬಲಾಗುತ್ತದೆಯೇ? ಕೊನೆಯ ಪ್ರಶ್ನೆಗೆ ನೇರ ಉತ್ತರ ಕೊಡದವರಿಂದ ದೂರವಿರುವುದು ಲೇಸು. ಮಂಡಿಯಿಂದ ತರುವುದು ಅಪರಾಧವಲ್ಲ, ಅದನ್ನು ಮರೆಮಾಚುವುದು ಸರಿಯಲ್ಲ. ಹೊಲವನ್ನು ನೋಡಲು ಬರಬಹುದೇ ಎಂದು ಕೇಳಿದರೂ ಬಹಳಷ್ಟು ಸಂಗತಿ ಹೊರಬೀಳುತ್ತದೆ.

'ಸಾವಯವ' ಎಂಬ ಮಾತು

ಪೆಟ್ಟಿಗೆಯ ಮೇಲೆ 'ಸಾವಯವ' ಎಂದು ಬರೆದಿರುವುದನ್ನೆಲ್ಲ ನಂಬಬೇಕಾಗಿಲ್ಲ. 2017ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ (ಸಾವಯವ ಆಹಾರ) ನಿಯಮಗಳ ಪ್ರಕಾರ, ಸಾವಯವ ಎಂದು ಮಾರಲು ಮೂರನೇ ಸಂಸ್ಥೆಯೊಂದರ ಪ್ರಮಾಣಪತ್ರವಾಗಲಿ, ರೈತರೇ ಪರಸ್ಪರ ಹೊಲ ಪರಿಶೀಲಿಸುವ ಪಿಜಿಎಸ್-ಇಂಡಿಯಾ ಪ್ರಮಾಣೀಕರಣವಾಗಲಿ ಇರಬೇಕು. ಪಿಜಿಎಸ್‌ಗೆ ಕನಿಷ್ಠ ಐವರು ರೈತರ ಗುಂಪು ಸಾಕು, ವೆಚ್ಚವೂ ಕಡಿಮೆ. ವಾರ್ಷಿಕ ವಹಿವಾಟು 12 ಲಕ್ಷ ರೂಪಾಯಿ ಮೀರದ ಸಣ್ಣ ಉತ್ಪಾದಕರು ಗ್ರಾಹಕರಿಗೆ ನೇರವಾಗಿ ಮಾರುವಾಗ ಪ್ರಮಾಣಪತ್ರದ ವಿನಾಯಿತಿ ಇದೆ, ಆದರೆ ಅವರು 'ಜೈವಿಕ್ ಭಾರತ್' ಲಾಂಛನ ಬಳಸುವಂತಿಲ್ಲ. ಮೇಲೆ ಹೇಳಿದ 40 ಮನೆಗಳ ಲೆಕ್ಕದಲ್ಲಿ ವರ್ಷದ ವಹಿವಾಟು 5 ಲಕ್ಷ 20 ಸಾವಿರ ರೂಪಾಯಿ ಆಗುವುದರಿಂದ ಆ ರೈತ ಈ ವಿನಾಯಿತಿಯೊಳಗೇ ಬರುತ್ತಾನೆ. ತಾಜಾ ತರಕಾರಿಗೆ ಜಿಎಸ್‌ಟಿ ಇಲ್ಲ.

ಚಂದಾದಾರರ ಸಂಖ್ಯೆ ನೂರು ದಾಟಿದಾಗ ರೈತರು ಗುಂಪಾಗಲೇಬೇಕಾಗುತ್ತದೆ. 2020ರಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ 10,000 ರೈತ ಉತ್ಪಾದಕ ಸಂಸ್ಥೆಗಳ ಯೋಜನೆಯಡಿ ಒಂದು ಸಂಸ್ಥೆಗೆ ಮೂರು ವರ್ಷಗಳಲ್ಲಿ 18 ಲಕ್ಷ ರೂಪಾಯಿವರೆಗೆ ನಿರ್ವಹಣಾ ನೆರವು ನಿಗದಿಯಾಗಿತ್ತು. ಬಯಲು ಸೀಮೆಯಲ್ಲಿ ಕನಿಷ್ಠ 300 ಸದಸ್ಯರಿರಬೇಕೆಂಬುದು ಅದರ ಷರತ್ತು. ನಲವತ್ತು ಬುಟ್ಟಿಗಳ ವ್ಯವಹಾರಕ್ಕೆ ಅಷ್ಟು ದೊಡ್ಡ ಸಂಸ್ಥೆ ಬೇಕಿಲ್ಲ. ಐದಾರು ರೈತರು, ಒಂದು ಸರಕು ಆಟೊ, ಮಡಿಗಳಿಗೆ ಬಿತ್ತಿದ ದಿನಾಂಕ ಬರೆದಿಟ್ಟ ಒಂದು ನೋಟ್‌ಬುಕ್, ವಾರಕ್ಕೊಮ್ಮೆ ತಪ್ಪದೆ ನೀರು ಸಿಗುವ ಒಂದು ಬಾವಿ ಇದ್ದರೆ ಆರಂಭಿಸಬಹುದು. ಮುಂಗಾರಿನ ಜಡಿಮಳೆ ಕಳೆದು ಸೆಪ್ಟೆಂಬರ್ ಕೊನೆಯ ವಾರದಲ್ಲಿ ಮೊದಲ ಮಡಿ ಬಿತ್ತಿದರೆ, ನವೆಂಬರ್ ಮೊದಲ ವಾರಕ್ಕೆ ಮೊದಲ ಬುಟ್ಟಿ ಹೊರಡುತ್ತದೆ.